ಹುಂಜದ ಜುಟ್ಟು, ಕುಲದ ಗುಟ್ಟು

ಸಂಸ್ಕೃತದಲ್ಲಿ ಹುಂಜಕ್ಕೆ 'ತಾಮ್ರಚೂಡ' ಎಂದೊಂದು ಹೆಸರುಂಟು. ತಾಮ್ರವರ್ಣದ ಜುಟ್ಟುಳ್ಳದ್ದು ಎಂದು ಅದರ ಅರ್ಥ. ರೆಕ್ಕೆ, ಕೊಕ್ಕು, ಕೂಗು ಎಲ್ಲವನ್ನೂ ಬಿಟ್ಟು ಜುಟ್ಟಿನಿಂದಲೇ ಆ ಪಕ್ಷಿಯನ್ನು ಗುರುತಿಸಿದ ಹಿರಿಯರ ದೃಷ್ಟಿ ಸೂಕ್ಷ್ಮವಾದುದು. ಕೋಳಿಯ ತಳಿಗಳನ್ನು ಕಾಪಾಡುವವರು ಇಂದಿಗೂ ಮೊದಲು ನೋಡುವುದು ಜುಟ್ಟನ್ನೇ. ಆದರೆ ಜುಟ್ಟೊಂದನ್ನೇ ನೋಡುತ್ತ ಕುಳಿತರೆ ತಳಿಯೇ ಕೈತಪ್ಪಿ ಹೋಗುವ ಅಪಾಯವೂ ಉಂಟು. ಈ ಇಕ್ಕಟ್ಟು ಎಂಥದೆಂಬುದನ್ನು ತಿಳಿಯಲು ಬಾಸ್ಕ್ ನಾಡಿನ ಕೋಳಿ ಒಳ್ಳೆಯ ನಿದರ್ಶನ.

ಸ್ಪೇನ್ ಮತ್ತು ಫ್ರಾನ್ಸ್ ದೇಶಗಳ ಗಡಿಯಲ್ಲಿ, ಪಿರಿನೀಸ್ ಪರ್ವತಗಳ ಪಶ್ಚಿಮದ ತುದಿಯಲ್ಲಿ, ಬಿಸ್ಕೆ ಕೊಲ್ಲಿಗೆ ಮುಖಮಾಡಿಕೊಂಡು ಬಾಸ್ಕರ ನಾಡಿದೆ. ಅವರ ಭಾಷೆಗೆ ಜಗತ್ತಿನ ಬೇರಾವ ಭಾಷೆಯೊಡನೆಯೂ ನಂಟು ಸಿದ್ಧವಾಗಿಲ್ಲ. ಅವರ ರೈತಮನೆಗಳ ಅಂಗಳದಲ್ಲಿ ಬೆಳೆದುಬಂದ ಕೋಳಿಗೆ 'ಎವುಸ್ಕಲ್ ಓಯ್ಲೊಅ' ಎಂದು ಹೆಸರು. 'ಬಾಸ್ಕ್ ಕೋಳಿ' ಎಂದಷ್ಟೇ ಅದರ ಅರ್ಥ. ಕಪ್ಪು, ಕೆಂಪು, ಬೆಳ್ಳಿ, ಪಟ್ಟೆಯ ಹೊಂಬಣ್ಣ, ಬೋಳುಕತ್ತು ಎಂದು ಐದು ಬಗೆ. ಕಂದು ಮೊಟ್ಟೆ, ಹಳದಿ ಕಾಲು, ಅಂಚಿನಲ್ಲಿ ಗರಗಸದಂತೆ ಹಲ್ಲುಗಳಿರುವ ಒಂಟಿ ಜುಟ್ಟು, ಇವು ಅದರ ಲಕ್ಷಣಗಳು. ಹೆಚ್ಚು ಮೊಟ್ಟೆಗೆಂದೇ ರೂಪಿಸಿದ ಸಂಕರಜಾತಿಯ ಕೋಳಿಗಳು ಬಂದ ಮೇಲೆ ಊರ ಕೋಳಿಗಳು ಮೂಲೆಗುಂಪಾದವು. ಸ್ಪೇನಿನ ರಾಷ್ಟ್ರೀಯ ಕೃಷಿ ಸಂಶೋಧನ ಸಂಸ್ಥೆಯಲ್ಲಿ ಫರ್ನಾಂಡೊ ಒರೊಸ್ಕೊ ಎಂಬ ವಿಜ್ಞಾನಿ 1975ರಲ್ಲಿ ದೇಶದ ಹಳೆಯ ತಳಿಗಳನ್ನು ಉಳಿಸುವ ಕಾರ್ಯಕ್ಕೆ ಕೈಹಾಕಿದರು. ಹಾಗೆ ಉಳಿದುಕೊಂಡವುಗಳಲ್ಲಿ ಬಾಸ್ಕ್ ಕೋಳಿಯೂ ಒಂದು.

ಅಳಿವಿನಂಚಿನಿಂದ ಮರಳಿದ ತಳಿಗೆ ಒಂದು ತೊಡಕು ತಪ್ಪಿದ್ದಲ್ಲ. ಬೆರಳೆಣಿಕೆಯ ಪೂರ್ವಜರ ಗುಣಗಳೊಡನೆ ಅವರ ದೋಷಗಳೂ ಇಡೀ ಸಂತತಿಗೆ ಹಂಚಿಕೆಯಾಗುತ್ತವೆ. ಅವುಗಳಲ್ಲಿ ಥಟ್ಟನೆ ಕಣ್ಣಿಗೆ ಬೀಳುವುದು ಜುಟ್ಟಿನ ದೋಷ. ಒಂಟಿ ಜುಟ್ಟಿನ ಮಗ್ಗುಲಿನಿಂದ ಮುಳ್ಳಿನಂತೆ ಅಡ್ಡಲಾಗಿ ಚಿಗುರುವ ಕವಲು ಒಂದು. ಹುಂಜದ ಜುಟ್ಟು ನೆಟ್ಟಗೆ ನಿಲ್ಲದೆ ಒಂದು ಪಕ್ಕಕ್ಕೆ ಒರಗಿಕೊಳ್ಳುವುದು ಇನ್ನೊಂದು. ಹಿಂಭಾಗದಲ್ಲಿ ಸೀಳಿ ಎರಡಾಗುವುದು ಮತ್ತೊಂದು. ಪ್ರದರ್ಶನಗಳಲ್ಲಿ ಅಡ್ಡಗವಲುಳ್ಳ ಕೋಳಿಗೆ ಬಹುಮಾನದ ಆಸೆಯೇ ಇಲ್ಲ.

ಜುಟ್ಟು ಬರಿಯ ಅಲಂಕಾರವಲ್ಲ. ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ರಕ್ತನಾಳಗಳು ತುಂಬಿದ ಜುಟ್ಟಿನ ಮೂಲಕವೂ ಅದು ಮೈಯ ಬಿಸಿಯನ್ನು ಹೊರಹಾಕುತ್ತದೆ. ಆದುದರಿಂದ ಜುಟ್ಟಿನ ಎಲ್ಲ ಊನಕ್ಕೂ ರಕ್ತವೇ ಕಾರಣವೆನ್ನುವಂತಿಲ್ಲ. ಬೆಚ್ಚನೆಯ ಗೂಡಿನಲ್ಲಿ ಬೆಳೆದ ಹುಂಜಕ್ಕೆ ಜುಟ್ಟು ಅತಿಯಾಗಿ ಬೆಳೆದು ಬಾಗಬಹುದು. ಕೊರೆಯುವ ಚಳಿಯಲ್ಲಿ ಹಲ್ಲಿನ ತುದಿಗಳು ಮುರುಟಿ ಉದುರಬಹುದು. ಇವು ಮರಿಗಳಿಗೆ ಇಳಿಯುವುದಿಲ್ಲ. ಹುಟ್ಟಿನಿಂದ ಬಂದುದಾವುದು, ಬಾಳಿನಿಂದ ಬಂದುದಾವುದು ಎಂಬ ವಿವೇಚನೆ ಸಾಕುವವನ ಮೊದಲನೆಯ ಪಾಠ.

ಹುಟ್ಟಿನಿಂದ ಬರುವುದರ ಲೆಕ್ಕವನ್ನು ವಿಜ್ಞಾನ ಕಲಿತದ್ದೂ ಕೋಳಿಯ ಜುಟ್ಟಿನಿಂದಲೇ. ಮೆಂಡೆಲ್ ಬಟಾಣಿ ಗಿಡಗಳಲ್ಲಿ ಕಂಡ ಆನುವಂಶಿಕತೆಯ ನಿಯಮ ಪ್ರಾಣಿಗಳಿಗೂ ಅನ್ವಯಿಸುತ್ತದೆಂದು ಇಂಗ್ಲೆಂಡಿನ ವಿಲಿಯಂ ಬೇಟ್ಸನ್ 1902ರಲ್ಲಿ ತೋರಿಸಿದುದು ಕೋಳಿಗಳ ಜುಟ್ಟುಗಳನ್ನು ಹೋಲಿಸಿ. ಚಪ್ಪಟೆಯಾಗಿ ಗುಳ್ಳೆಗಳಿಂದ ತುಂಬಿದ ಗುಲಾಬಿ ಜುಟ್ಟಿನ ಅಂಶ ಒಂದು ಬಂದರೂ ಸಾಕು, ಒಂಟಿ ಜುಟ್ಟನ್ನು ಅದು ಮರೆಮಾಡುತ್ತದೆ. ಒಂಟಿ ಜುಟ್ಟಿನ ಜೋಡಿಗಾದರೋ ಗುಲಾಬಿ ಜುಟ್ಟಿನ ಮರಿ ಹುಟ್ಟಲಾರದು. ಹುಟ್ಟಿದರೆ ಹೊರಗಿನ ಹುಂಜವೊಂದು ಬೇಲಿ ಹಾರಿತ್ತೆಂದೇ ಅರ್ಥ!

ಅಡ್ಡಗವಲು ಇಷ್ಟು ಸರಳವಲ್ಲ. ತಾಯ್ತಂದೆಗಳಲ್ಲಿ ಕಾಣದ ಕವಲು ಮರಿಗಳಲ್ಲಿ ತಲೆದೋರುವುದುಂಟು. ಎರಡೂ ಕಡೆಯಿಂದ ಬಂದಾಗ ಮಾತ್ರ ಬಯಲಾಗುವ ದೋಷವೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ನೂರು ಕೋಳಿಗಳಲ್ಲಿ ಒಂದಕ್ಕೆ ಮಾತ್ರ ದೋಷ ಕಂಡರೆ, ನೋಡಲು ನಿರ್ದೋಷಿಗಳಾದ ಸುಮಾರು 18 ಕೋಳಿಗಳು ಅದನ್ನು ಗುಟ್ಟಾಗಿ ಹೊತ್ತಿರುತ್ತವೆ. ದೋಷ ಕಂಡ ಪ್ರತಿಯೊಂದನ್ನೂ ಬಿಡದೆ ತೆಗೆದುಹಾಕುತ್ತ ಬಂದರೂ, ಹತ್ತು ತಲೆಮಾರುಗಳ ಬಳಿಕ ನಾನೂರಕ್ಕೊಂದರಂತೆ ಅದು ಹುಟ್ಟುತ್ತಲೇ ಇರುತ್ತದೆ. ಕತ್ತಿಯಿಂದ ಕುಲವನ್ನು ಶುದ್ಧಿಮಾಡುತ್ತೇನೆಂದು ಹೊರಟವನಿಗೆ ಸಿಗುವ ಫಲ ಇಷ್ಟು ಸ್ವಲ್ಪ.

ತೆರುವ ಬೆಲೆಯಾದರೋ ದೊಡ್ಡದು. ಜುಟ್ಟು ಸುಂದರವಾದ ಒಂದೇ ಹುಂಜವನ್ನು ಉಳಿಸಿಕೊಂಡು ಅದಕ್ಕೆ 9 ಹೇಂಟೆಗಳನ್ನು ಕೂಡಿಸಿದರೆಂದು ಭಾವಿಸೋಣ. ಲೆಕ್ಕಕ್ಕೆ ಹತ್ತು ಪಕ್ಷಿಗಳು. ಆದರೆ ರಕ್ತಸಂಬಂಧದ ಗಣಿತದಲ್ಲಿ ಆ ಹಿಂಡಿನ ನಿಜವಾದ ಬೆಲೆ 3.6. ಎಂದರೆ ಅಷ್ಟು ಕೋಳಿಗಳಲ್ಲಿ ನಾಲ್ಕು ಕೂಡ ಇಲ್ಲವೆಂಬಂತೆ! ಅದೇ 9 ಹೇಂಟೆಗಳಿಗೆ 3 ಹುಂಜಗಳಿದ್ದರೆ ಆ ಬೆಲೆ 9ಕ್ಕೆ ಏರುತ್ತದೆ. ಸಗೋತ್ರ ವಿವಾಹ ಕೂಡದೆಂಬ ನಿಯಮವನ್ನು ಬಲ್ಲ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಒಳಬಳಗದಲ್ಲೇ ಸಂಬಂಧ ಬೆಳೆದಂತೆಲ್ಲ ಕಾವಿಗಿಟ್ಟ ಮೊಟ್ಟೆಗಳಲ್ಲಿ ಮರಿಯಾಗುವುದು ಕಡಿಮೆಯಾಗುತ್ತದೆ, ಮರಿಗಳು ಸೊರಗುತ್ತವೆ, ಮೊಟ್ಟೆಗಳ ಸಂಖ್ಯೆಯೂ ಇಳಿಯುತ್ತದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ಮನುಷ್ಯರನ್ನು ಕುರಿತು ಹುಟ್ಟಿದ್ದು. ಕೋಳಿಯ ಹಿಂಡಿಗೂ ಅಷ್ಟೇ ಚೆನ್ನಾಗಿ ಒಪ್ಪುತ್ತದೆ.

ಹಾಗಾದರೆ ದೋಷವನ್ನು ಕಂಡೂ ಕಾಣದಂತಿರಬೇಕೆ? ಇಲ್ಲ; ಅನುಭವಸ್ಥರ ಮಾರ್ಗ ಬೇರೆ. ಒಂದು ಹುಂಜ ಅನೇಕ ಹೇಂಟೆಗಳ ಮರಿಗಳಿಗೆ ತಂದೆಯಾಗುವುದರಿಂದ ಹುಂಜಗಳ ಆಯ್ಕೆಯಲ್ಲಿ ದಾಕ್ಷಿಣ್ಯ ಕೂಡದು. ಹೇಂಟೆಗಳಲ್ಲಿ ಸ್ವಲ್ಪ ಕ್ಷಮೆಯುಂಟು. ಮೈಕಟ್ಟು, ಆರೋಗ್ಯ, ಮೊಟ್ಟೆ ಎಲ್ಲವೂ ಚೆನ್ನಾಗಿದ್ದು ಸಣ್ಣ ಕವಲೊಂದು ಇದ್ದರೆ, ಅದನ್ನು ಶುದ್ಧ ಜುಟ್ಟಿನ ಮನೆತನದಿಂದ ಬಂದ ಹುಂಜಕ್ಕೆ ಕೊಡಬೇಕು; ಅದೇ ದೋಷವುಳ್ಳ ಎರಡನ್ನು ಮಾತ್ರ ಎಂದೂ ಜೋಡಿಸಬಾರದು. ಯಾವ ಮೊಟ್ಟೆ ಯಾವ ಜೋಡಿಯದು, ಯಾವ ಮರಿಗೆ ಕವಲೊಡೆಯಿತು ಎಂಬುದನ್ನೆಲ್ಲ ಬರೆದಿಡಬೇಕು. ತಪ್ಪು ಎಲ್ಲಿಂದ ಬಂತೆಂಬುದನ್ನು ಮರಿಗಿಂತ ಪುಸ್ತಕವೇ ಬೇಗ ಹೇಳುತ್ತದೆ. ಆಯ್ಕೆಯಲ್ಲಿ ಸೋತ ಕೋಳಿಯೂ ವ್ಯರ್ಥವಲ್ಲ. ಅಡ್ಡಗವಲಿನ ಹೇಂಟೆ ಇಡುವ ಮೊಟ್ಟೆಯ ರುಚಿಯಲ್ಲಿ ಅಡ್ಡಗವಲಿರುವುದಿಲ್ಲ. ಸಂತಾನದ ಗೂಡಿನಿಂದ ಹೊರಬಂದರೂ ಅಂಗಳದಲ್ಲಿ ಅದಕ್ಕೆ ಸ್ಥಳವುಂಟು.

ಇನ್ನು, ದೋಷವೆಂಬುದಾದರೂ ಏನು? ಅದೇ ಸ್ಪೇನಿನ ಈಶಾನ್ಯದಲ್ಲಿ ಕ್ಯಾಟಲೋನಿಯ ಎಂಬ ಸೀಮೆಯಿದೆ. ಅಲ್ಲಿನ ಪೆನೆದೆಸೆಂಕ ಎಂಬ ತಳಿಯ ಜುಟ್ಟು ಹಿಂಭಾಗದಲ್ಲಿ ಅಕ್ಕಪಕ್ಕಕ್ಕೆ ಕವಲೊಡೆದು ಹೂವಿನಂತೆ ಅರಳಿರುತ್ತದೆ. ಅಲ್ಲಿನವರು ಅದನ್ನು 'ಕಾರ್ನೇಷನ್ ಹೂವಿನ ಜುಟ್ಟು' ಎಂದು ಕರೆದು ಕುಲಲಕ್ಷಣವೆಂದು ಕಾಪಾಡುತ್ತಾರೆ. ಬಾಸ್ಕ್ ಕೋಳಿಯನ್ನು ಸಾಲಿನಿಂದ ಹೊರಗಿಡುವ ಕವಲು ಅಲ್ಲಿ ಕಿರೀಟ! ಕೋಳಿಗೆ ಇದರ ಅರಿವಿಲ್ಲ. ಲಕ್ಷಣವನ್ನೂ ಅವಲಕ್ಷಣವನ್ನೂ ಗೊತ್ತುಮಾಡಿದವರು ಅದನ್ನು ಸಾಕಿದ ಜನ. ಹಾಗೆಂದು ಆ ಕಟ್ಟಳೆ ಸುಳ್ಳಲ್ಲ. ಬಾಸ್ಕ್ ಕೋಳಿಯನ್ನು ಬಾಸ್ಕ್ ಕೋಳಿಯೆಂದು ಗುರುತಿಸುವುದು ಇಂಥ ಕಟ್ಟಳೆಗಳಿಂದಲೇ. ಆದರೆ ಕಟ್ಟಳೆಗಾಗಿ ಕೋಳಿಯಲ್ಲ, ಕೋಳಿಗಾಗಿ ಕಟ್ಟಳೆ.

ಬಾಸ್ಕ್ ಕೋಳಿಯ ಹಳದಿ ಕಾಲೂ ಈ ಮಾತಿಗೆ ಸಾಕ್ಷಿ ನುಡಿಯುತ್ತದೆ. ಸಾಕುಕೋಳಿಯ ಮುಖ್ಯ ಮೂಲಪುರುಷ ಕೆಂಪು ಕಾಡುಕೋಳಿ. ಆದರೆ ಸಾಕುಕೋಳಿಗಳ ಹಳದಿ ಚರ್ಮದ ಅಂಶ ಅದರಿಂದ ಬಂದುದಲ್ಲ, ಬೂದು ಕಾಡುಕೋಳಿಯಿಂದ ಬಂದುದೆಂದು 2008ರ ಸಂಶೋಧನೆಯೊಂದು ತೋರಿಸಿಕೊಟ್ಟಿತು. ಆ ಬೂದು ಕಾಡುಕೋಳಿಯ ತವರು ದಕ್ಷಿಣ ಭಾರತ. ಸಹ್ಯಾದ್ರಿಯ ಕಾಡುಗಳಲ್ಲಿ ಇಂದಿಗೂ ಅದರ ಕೂಗು ಕೇಳುತ್ತದೆ. ಎಂದೋ ಯಾವುದೋ ಅಂಗಳದಲ್ಲಿ ನಡೆದ ಬೆರಕೆಯೊಂದು ಇಂದು ದೂರದ ನಾಡಿನಲ್ಲಿ ಕುಲಲಕ್ಷಣವಾಗಿ ನಿಂತಿದೆ. ಆ ಹಳದಿ ಕಾಲಿನ ಮೊದಲ ಮರಿಯನ್ನು ಕಂಡ ಸಾಕಣೆಗಾರ ಅದನ್ನು ಗೂಡಿನಿಂದ ಹೊರಹಾಕಲಿಲ್ಲ. ಅಷ್ಟು ಮಾತ್ರ ನಿಶ್ಚಯ.