ಕಡಲು ಕೂಡಿಸಿದ್ದನ್ನು ಅರಸೊತ್ತಿಗೆ ಅಗಲಿಸಿತು

ಕಾರ್ನ್‌ವಾಲ್ ಇಂಗ್ಲೆಂಡಿನ ನೈಋತ್ಯದ ತುದಿ. ಬ್ರಿಟನಿ ಫ್ರಾನ್ಸಿನ ವಾಯವ್ಯದ ಮೂಲೆ. ಐದು-ಆರನೆಯ ಶತಮಾನಗಳಲ್ಲಿ ಈ ದಡದ ಜನ ದೋಣಿಯೇರಿ ಆ ದಡದಲ್ಲಿ ನೆಲೆಯೂರಿದರು. ಬ್ರಿಟನಿಗೆ ಆ ಹೆಸರು ಬಂದದ್ದೇ ಬ್ರಿಟನ್ನಿನಿಂದ ಹೋದ ಇಂಥವರಿಂದ. ಕಾರ್ನಿಶ್ ಜನ ತಮ್ಮ ನಾಡನ್ನು ಕೆರ್ನೋ ಎನ್ನುತ್ತಾರೆ. ಬ್ರಿಟನಿಯ ಒಂದು ಸೀಮೆಗೆ ಬ್ರೆಟನ್ ಭಾಷೆಯಲ್ಲಿ ಕೆರ್ನೆವ್ ಎಂದು ಹೆಸರು. ಕಾರ್ನ್‌ವಾಲಿನ ಕಾರ್ನಿಶ್, ಬ್ರಿಟನಿಯ ಬ್ರೆಟನ್ ಎರಡೂ ಒಂದೇ ಕುಟುಂಬದ ನುಡಿಗಳು. ವೆಲ್ಷ್ ಕೂಡ ಇದೇ ಕುಟುಂಬದ್ದಾದರೂ ಕಾರ್ನಿಶ್‌ಗೆ ತೀರ ಹತ್ತಿರದ್ದು ಬ್ರೆಟನ್. ಎರಡರಲ್ಲೂ ಕಡಲು ‘ಮೋರ್’, ತಲೆ ‘ಪೆನ್’.

ಈ ನಂಟು ಸಾವಿರ ವರ್ಷ ಬಾಳಿತು. 1504ರಲ್ಲಿ ಬರೆದಿಟ್ಟ ‘ಬ್ಯೂನನ್ಸ್ ಮೆರಿಯಾಸೆಕ್’ ಎಂಬ ಕಾರ್ನಿಶ್ ನಾಟಕವನ್ನೇ ನೋಡಿ. ಅದರ ನಾಯಕ ಬ್ರಿಟನಿಯ ಸಂತ. ಮದುವೆಯನ್ನೊಲ್ಲದೆ ಕಡಲು ದಾಟಿ ಕಾರ್ನ್‌ವಾಲಿನ ಕ್ಯಾಂಬೋರ್ನ್‌ಗೆ ಬರುತ್ತಾನೆ. ಟ್ಯೂಡರ್ ಎಂಬ ಕ್ರೂರ ದೊರೆ ಅಟ್ಟಿದಾಗ ತವರಿಗೆ ಮರಳಿ ಬಿಷಪ್ ಆಗುತ್ತಾನೆ. 1497ರಲ್ಲಷ್ಟೇ ಟ್ಯೂಡರ್ ವಂಶದ ಏಳನೆಯ ಹೆನ್ರಿಯ ವಿರುದ್ಧ ದಂಗೆಯೆದ್ದು ಸೋತಿದ್ದ ನಾಡಿನಲ್ಲಿ ಆ ಹೆಸರು ಯಾರಿಗೆ ಚುಚ್ಚುತ್ತಿತ್ತೆಂದು ಬೇರೆ ಹೇಳಬೇಕಿಲ್ಲ. ಆ ಕಾಲಕ್ಕೆ ಕಾರ್ನ್‌ವಾಲಿನ ಊರುಗಳಲ್ಲಿ ದುಡಿದುಣ್ಣುವ ಬ್ರೆಟನ್ನರೂ ಬಹಳ ಮಂದಿ ಇದ್ದರು.

ಕೆಲವೇ ದಶಕಗಳಲ್ಲಿ ಎಲ್ಲವೂ ಕದಡಿತು. 1532ರಲ್ಲಿ ಬ್ರಿಟನಿ ಫ್ರಾನ್ಸಿಗೆ ಸೇರಿತು. ಇಂಗ್ಲೆಂಡ್ ರೋಮ್ ಚರ್ಚಿನಿಂದ ಬೇರೆಯಾಯಿತು. ಕಾರ್ನ್‌ವಾಲಿನ ಪೆನ್ರಿನ್‌ನಲ್ಲಿದ್ದ ಗ್ಲಾಸ್ನಿ ವಿದ್ಯಾಕೇಂದ್ರಕ್ಕೆ 1548ರಲ್ಲಿ ಬೀಗ ಬಿತ್ತು. ಮರುವರ್ಷ ಇಂಗ್ಲಿಷ್ ಪ್ರಾರ್ಥನಾ ಪುಸ್ತಕವನ್ನು ಹೇರಿದಾಗ ಜನ ದಂಗೆಯೆದ್ದರು. ರಕ್ತ ಹರಿಸಿ ಅದನ್ನು ಹತ್ತಿಕ್ಕಲಾಯಿತು. ದೇವರ ಮುಂದೆಯೂ ಇಂಗ್ಲಿಷ್, ಆಚೆ ದಡದ ಒಡನಾಟವೂ ಕ್ಷೀಣ. ಹದಿನೆಂಟನೆಯ ಶತಮಾನ ಮುಗಿಯುವ ಹೊತ್ತಿಗೆ ಕಾರ್ನಿಶ್ ಊರಾಡುವ ಮಾತಾಗಿ ಉಳಿಯಲಿಲ್ಲ.

ಅದನ್ನು ಮತ್ತೆ ಎತ್ತಿ ನಿಲ್ಲಿಸಲು ಹೊರಟವರಿಗೆ ಒದಗಿದ್ದು ಅದೇ ನಂಟು. 1904ರಲ್ಲಿ ಹೆನ್ರಿ ಜೆನ್ನರ್ ಕಾರ್ನಿಶ್ ಕೈಪಿಡಿ ಬರೆದರು. ಆಮೇಲೆ ಮಾರ್ಟನ್ ನ್ಯಾನ್ಸ್ ಹಳೆಯ ನಾಟಕಗಳಲ್ಲಿ ಸಿಗದ ಪದಗಳನ್ನು ಬ್ರೆಟನ್, ವೆಲ್ಷ್ ನುಡಿಗಳ ಜಾಡು ಹಿಡಿದು ಕಟ್ಟಿಕೊಂಡರು.

ಈಗ ಸಂಕಟದ ಸರದಿ ಬ್ರೆಟನ್ನಿನದು. ಅದನ್ನು ಆಡುವವರಲ್ಲಿ ಹೆಚ್ಚಿನವರು ವಯಸ್ಸಾದವರು. 1977ರಿಂದ ಬ್ರಿಟನಿಯಲ್ಲಿ ‘ದಿವಾನ್’ ಎಂಬ ಶಾಲೆಗಳು ಮಕ್ಕಳಿಗೆ ಬ್ರೆಟನ್ನಿನಲ್ಲೇ ಪಾಠ ಹೇಳುತ್ತಿವೆ. ಆದರೆ ಸರ್ಕಾರಿ ಶಿಕ್ಷಣದಲ್ಲಿ ಇಂಥ ಪದ್ಧತಿ ಸಲ್ಲದೆಂದು ಫ್ರಾನ್ಸಿನ ಸಂವಿಧಾನ ಮಂಡಳಿ 2021ರಲ್ಲಿ ತೀರ್ಪಿತ್ತಿತು. ಕಾರ್ನ್‌ವಾಲಿನಲ್ಲಿ ಆದದ್ದು ಕಣ್ಣೆದುರಿಗಿದೆ: ಆಳುವವರು ಒಂದು ನುಡಿಗೆ ಶಾಲೆ, ಗುಡಿ, ನೆರೆ ಮೂರನ್ನೂ ತಪ್ಪಿಸಿದರೆ ಮನೆಯೊಂದೇ ಅದನ್ನು ಕಾಯಲಾರದು. ಬ್ರೆಟನ್ನಿಗೆ ಇನ್ನೂ ಶಾಲೆಯಿದೆ. ಅದನ್ನು ಬಲಪಡಿಸುವುದು ನಾಳೆಗೆ ಬಿಡುವ ಕೆಲಸವಲ್ಲ.