ಅಂಚೆಚೀಟಿಯ ಡಿ.ವಿ.ಜಿ. ಮತ್ತು ನಾವು ಓದದ ಡಿ.ವಿ.ಜಿ.

1988ರಲ್ಲಿ ಭಾರತೀಯ ಅಂಚೆ ಇಲಾಖೆಯು ಡಿ.ವಿ. ಗುಂಡಪ್ಪನವರ ಸ್ಮರಣಾರ್ಥ ಒಂದು ಅಂಚೆಚೀಟಿಯನ್ನು ಹೊರತಂದಿತು. ಡಿ.ವಿ.ಜಿ. ಜನಿಸಿದ್ದು 1887ರ ಮಾರ್ಚ್ 17ರಂದು, ಮುಳಬಾಗಿಲಿನಲ್ಲಿ, ನಿಧನರಾದದ್ದು 1975ರಲ್ಲಿ. ಕನ್ನಡದ ಲೇಖಕನೊಬ್ಬನ ಹೆಸರು ದೇಶದ ಊರೂರಿಗೂ ಲಕೋಟೆಗಳ ಮೇಲೆ ಸಂಚರಿಸಿದ್ದು ಸಂತೋಷದ ಸಂಗತಿಯೇ. ಆದರೆ ಹೀಗೆ ಸನ್ಮಾನಿತರಾದವರು ಯಾವ ಡಿ.ವಿ.ಜಿ.? 'ಮಂಕುತಿಮ್ಮನ ಕಗ್ಗ'ದ ಕವಿಯೋ, ಅರ್ಧ ಶತಮಾನಕ್ಕೂ ಮಿಕ್ಕು ರಾಜ್ಯವ್ಯವಹಾರವನ್ನು ಪರೀಕ್ಷಿಸುತ್ತ ಬಂದ ರಾಜಕೀಯ ಲೇಖಕರೋ? ಚೀಟಿ ಇದಕ್ಕೆ ಉತ್ತರ ಹೇಳಲಾರದು. ಉತ್ತರ ಹೇಳಬೇಕಾದವರು ಸಾಹಿತ್ಯವನ್ನು ಓದುವ, ಓದಿಸುವ ನಾವು. ನಾವು ಎರಡನೆಯವರನ್ನು ಮರೆತಿದ್ದೇವೆ ಎಂಬುದೇ ನನ್ನ ಆಕ್ಷೇಪ.

ಡಿ.ವಿ.ಜಿ.ಯವರ ವೃತ್ತಿ ಪತ್ರಿಕೋದ್ಯಮ. 1908ರಲ್ಲಿ ಮೈಸೂರು ಸಂಸ್ಥಾನವು ಪತ್ರಿಕಾ ನಿರ್ಬಂಧ ಶಾಸನವನ್ನು ತಂದಾಗ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟನೆಯಾಗಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಆ ಬಿಸಿ ಆರುವ ಮುನ್ನವೇ ಲೇಖನಿ ಹಿಡಿದ ತರುಣರಲ್ಲಿ ಡಿ.ವಿ.ಜಿ. ಒಬ್ಬರು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಅವರು 'ಕರ್ನಾಟಕ' ಎಂಬ ಇಂಗ್ಲಿಷ್ ಪತ್ರಿಕೆಯನ್ನು ನಡೆಸಿದರು. 1928ರಲ್ಲಿ ಬಾಗಲಕೋಟೆಯ ಪತ್ರಕರ್ತರ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಸಂಸ್ಥಾನಗಳ ಭವಿಷ್ಯವನ್ನು ಅರಸರ ಒಪ್ಪಂದಗಳ ಭಾಷೆಯಲ್ಲಷ್ಟೇ ಚರ್ಚಿಸುತ್ತಿದ್ದ ದಿನಗಳಲ್ಲಿ, 1931ರಲ್ಲಿ, ಅವರು ಪ್ರಕಟಿಸಿದ ಇಂಗ್ಲಿಷ್ ಗ್ರಂಥದ ಶೀರ್ಷಿಕೆಯಲ್ಲೇ ಸಂಸ್ಥಾನಗಳ ಜೊತೆಗೆ ಅವುಗಳ 'ಜನ'ವೂ ಸ್ಥಾನ ಪಡೆದರು. ಮೈಸೂರಿನ ಶಾಸನಸಭೆಯಲ್ಲಿ ಸದಸ್ಯರಾಗಿದ್ದರು. 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. 'ವೃತ್ತಪತ್ರಿಕೆ', 'ರಾಜ್ಯಶಾಸ್ತ್ರ', 'ರಾಜ್ಯಾಂಗ ತತ್ತ್ವಗಳು' ಈ ದುಡಿಮೆಯ ಕನ್ನಡ ಫಲಗಳು. ಬಿಡುವಿನಲ್ಲಿ ರಾಜಕೀಯ ಬರೆದ ಕವಿಯ ಜೀವನಚರಿತ್ರೆ ಇದಲ್ಲ. ಸಾರ್ವಜನಿಕ ಜೀವನವನ್ನೇ ತಪಸ್ಸಾಗಿಸಿಕೊಂಡವನೊಬ್ಬನು ಕವಿತೆಯನ್ನೂ ಬರೆದ ಚರಿತ್ರೆ.

ಸ್ಮರಣಾರ್ಥ ಅಂಚೆಚೀಟಿಯ ಸ್ವಭಾವವನ್ನೂ ಇಲ್ಲಿ ಗಮನಿಸಬೇಕು. ನಿತ್ಯಬಳಕೆಯ ಚೀಟಿಗಳು ಮತ್ತೆ ಮತ್ತೆ ಅಚ್ಚಾಗುತ್ತವೆ. ಸ್ಮರಣಾರ್ಥದ್ದು ಸಾಮಾನ್ಯವಾಗಿ ಒಮ್ಮೆ ಮುದ್ರಿತವಾಗಿ, ಮಾರಾಟವಾಗಿ ಮುಗಿಯುತ್ತದೆ. ಮುಂದೆ ಅದರ ನೆಲೆ ಸಂಗ್ರಾಹಕರ ಪುಟಗಳಲ್ಲಿ. ಅಂಚೆ ಇಲಾಖೆಯಿಂದ ಇದಕ್ಕಿಂತ ಹೆಚ್ಚಿನದನ್ನು ಅಪೇಕ್ಷಿಸುವುದು ಅನ್ಯಾಯ. ಚೀಟಿಯ ಮೇಲೆ ಮುಖವಿರಬಹುದು, ವಾದವಿರಲಾರದು. ದೋಷವಿರುವುದು, ಇಲಾಖೆ ಕೊಟ್ಟ ಈ ಅಳತೆಯನ್ನೇ ವಿದ್ವತ್ತಿನ ಲೋಕವೂ ಒಪ್ಪಿಕೊಂಡದ್ದರಲ್ಲಿ.

'ಮಂಕುತಿಮ್ಮನ ಕಗ್ಗ' ಪ್ರಕಟವಾದದ್ದು 1943ರಲ್ಲಿ. ಅದರ 945 ಪದ್ಯಗಳನ್ನು ನಾವು ಅಂಚೆಚೀಟಿಗಳ ಹಾಳೆಯಂತೆಯೇ ಬಳಸುತ್ತಿದ್ದೇವೆ. ಬೇಕಾದ ಚೌಪದಿಯನ್ನು ಹರಿದು ತೆಗೆದು ಆಮಂತ್ರಣಪತ್ರಿಕೆಗೆ, ವೇದಿಕೆಯ ಭಾಷಣಕ್ಕೆ, ಕಚೇರಿಯ ಗೋಡೆಗೆ ಅಂಟಿಸುತ್ತೇವೆ. ಕಗ್ಗದ ಮಹತ್ತ್ವವನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ರಾಜ್ಯಾಂಗದ ಬಗೆಗಿನ ವಾದವನ್ನು ಹೀಗೆ ಹರಿದು ಅಂಟಿಸಲಾಗದು. ಅದನ್ನು ಮೊದಲಿನಿಂದ ಕೊನೆಯವರೆಗೆ ಅನುಸರಿಸಬೇಕು, ಒಪ್ಪದಿದ್ದರೆ ಕಾರಣ ಕೊಡಬೇಕು. ಆ ಶ್ರಮವನ್ನು ತಪ್ಪಿಸಿಕೊಳ್ಳಲು ನಾವು ಅವರನ್ನು 'ದಾರ್ಶನಿಕ ಕವಿ' ಎಂಬ ಪೀಠದ ಮೇಲೆ ಕೂರಿಸಿದೆವು. ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದೂ 'ಶ್ರೀಮದ್ಭಗವದ್ಗೀತಾ ತಾತ್ಪರ್ಯ'ಕ್ಕೆ. ಅದು ಯೋಗ್ಯವಾದದ್ದೇ, ಆದರೂ ಗೌರವದ ಗಾಳಿ ಯಾವ ಕಡೆಗೆ ಬೀಸಿತೆಂಬುದನ್ನು ಅದು ಸೂಚಿಸುತ್ತದೆ.

ಎರಡು ಸಮಾಧಾನಗಳನ್ನು ಪದೇ ಪದೇ ಕೇಳುತ್ತೇವೆ. ಮೊದಲನೆಯದು, ರಾಜಕೀಯ ಬರೆಹ ಸಾಹಿತ್ಯವಲ್ಲ ಎಂಬುದು. ಕನ್ನಡದ ಪರಂಪರೆಯನ್ನು ಬಲ್ಲವರು ಈ ಮಾತನ್ನು ಆಡಬಾರದು. 'ಕವಿರಾಜಮಾರ್ಗ'ವು ಪದ್ಯಕವಿಗಳೊಡನೆ ಗದ್ಯಕಾರರನ್ನೂ ಹೆಸರಿಸಿ ಗೌರವಿಸುತ್ತದೆ. ದುರ್ಗಸಿಂಹನು ಚಾಲುಕ್ಯರ ಆಸ್ಥಾನದಲ್ಲಿ ಸಂಧಿವಿಗ್ರಹಿಯಾಗಿದ್ದವನು. ಅವನ 'ಪಂಚತಂತ್ರ'ವು ರಾಜನೀತಿಯನ್ನು ಬೋಧಿಸುವ ಕೃತಿಯೆಂಬ ಕಾರಣಕ್ಕೆ ಯಾರೂ ಅದನ್ನು ಸಾಹಿತ್ಯದಿಂದ ಹೊರಗಿಡಲಿಲ್ಲ. ಹನ್ನೊಂದನೆಯ ಶತಮಾನದ ರಾಜನೀತಿ ಕಾವ್ಯವಾಗಬಹುದು, ಇಪ್ಪತ್ತನೆಯ ಶತಮಾನದ್ದು ಮಾತ್ರ ಆಗದು ಎಂಬುದು ಯಾವ ನ್ಯಾಯ?

ಎರಡನೆಯದು, ಅವರ ರಾಜಕೀಯ ಹಳತಾಯಿತು ಎಂಬುದು. ಗೋಖಲೆಯವರ ಮಾರ್ಗದ ಮಿತವಾದಿ, ಸಂಸ್ಥಾನದ ಚೌಕಟ್ಟಿನೊಳಗೇ ಜವಾಬ್ದಾರಿ ಸರ್ಕಾರವನ್ನು ಕಲ್ಪಿಸಿಕೊಂಡವರು, ಸಾಮಾಜಿಕ ಅಸಮಾನತೆಯ ಪ್ರಶ್ನೆಯಲ್ಲಿ ಇಂದಿನ ಓದುಗನಿಗೆ ತೃಪ್ತಿ ಕೊಡದವರು. ಆಕ್ಷೇಪಗಳಲ್ಲಿ ಹುರುಳಿದೆ. ಹಾಗಾದರೆ ಅವನ್ನು ಬರೆದು ವಾದಿಸಬೇಕಲ್ಲವೇ? ರಾಜಕೀಯ ಲೇಖಕನಿಗೆ ಸಲ್ಲುವ ಗೌರವಗಳಲ್ಲಿ ಪ್ರಬಲವಾದ ಖಂಡನೆಯೂ ಒಂದು. ಓದದೆಯೇ ಮಾಲೆ ಹಾಕುವುದು ಮಾತ್ರ ಅವನಿಗೆ ಸಲ್ಲದು.

ಇನ್ನೊಂದು ವೈಪರೀತ್ಯವೂ ಇದೆ. ಚೀಟಿ ಹೊರಡಿಸುವುದು ಸರ್ಕಾರ, ಡಿ.ವಿ.ಜಿ.ಯವರ ನಿಲುವು ಸರ್ಕಾರದ ಋಣಕ್ಕೆ ಬೀಳಬಾರದೆಂಬುದು. ಬರವಣಿಗೆಗೆಂದು ಸರ್ಕಾರ ಕೊಟ್ಟ ಚೆಕ್ಕುಗಳನ್ನು ಅವರು ನಗದು ಮಾಡಿಸಿಕೊಳ್ಳದೆ ಪೆಟ್ಟಿಗೆಯಲ್ಲೇ ಇರಿಸಿದ್ದರೆಂದು ಜನ ಇಂದಿಗೂ ಹೇಳುತ್ತಾರೆ. ಈ ಕಥೆಯನ್ನು ನಾವು ನಿಃಸ್ಪೃಹತೆಯ ಉದಾಹರಣೆಯಾಗಿ ಹೇಳಿ ಮುಗಿಸುತ್ತೇವೆ. ಅದು ಪತ್ರಕರ್ತನ ಸ್ವಾತಂತ್ರ್ಯದ ಪ್ರಶ್ನೆಯೆಂಬುದನ್ನು ಬಿಟ್ಟುಬಿಡುತ್ತೇವೆ. ಪ್ರಭುತ್ವವನ್ನು ಪ್ರಶ್ನಿಸುವ ಹಕ್ಕನ್ನು ಉಳಿಸಿಕೊಳ್ಳಲು ಏನನ್ನು ನಿರಾಕರಿಸಬೇಕೆಂಬುದನ್ನು ತಿಳಿದಿದ್ದವರು ಅವರು. ಇಂದಿನ ಬರೆಹಗಾರರಿಗೆ ಈ ಪ್ರಶ್ನೆ ಹಳತಾಗಿದೆಯೆಂದು ಯಾರೂ ಹೇಳಲಾರರು.

ಸ್ಮರಣೆಯ ಬೇರೊಂದು ಮಾದರಿ ನಮ್ಮ ಚರಿತ್ರೆಯಲ್ಲೇ ಇದೆ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ತಾಳೆಗರಿಯ ಕಾಲದಲ್ಲಿ ಒಂದೊಂದು ಪ್ರತಿಗೂ ಎಷ್ಟು ಕೈಗಳ ದುಡಿಮೆ ಬೇಕಿತ್ತೆಂಬುದನ್ನು ಊಹಿಸಬಹುದು. ಕವಿಯನ್ನು ಗೌರವಿಸುವುದೆಂದರೆ ಅವನ ಗ್ರಂಥವನ್ನು ಓದುಗರ ಕೈಗೆ ತಲುಪಿಸುವುದು ಎಂದು ಅವಳು ತಿಳಿದಿದ್ದಳು.

ಆದ್ದರಿಂದ ಸಾಹಿತ್ಯದ ವಿದ್ಯಾರ್ಥಿಗಳಲ್ಲಿ, ಸಂಶೋಧಕರಲ್ಲಿ ನನ್ನ ವಿನಂತಿ ಇಷ್ಟೇ. ಕನ್ನಡ ಸ್ನಾತಕೋತ್ತರ ಪಠ್ಯದಲ್ಲಿ ಕಗ್ಗದ ಪಕ್ಕದಲ್ಲಿ 'ವೃತ್ತಪತ್ರಿಕೆ'ಗೂ ಒಂದು ಸ್ಥಾನವಿರಲಿ. 'ರಾಜ್ಯಶಾಸ್ತ್ರ'ದ ಗದ್ಯವನ್ನು ಗದ್ಯವೆಂದೇ ಪರಿಶೀಲಿಸಿ: ಇಂಗ್ಲಿಷಿನ ರಾಜಕೀಯ ಪರಿಭಾಷೆಗೆ ಅವರು ಕನ್ನಡದಲ್ಲಿ ಹೇಗೆ ಎಡೆ ಮಾಡಿದರು, ಎಲ್ಲಿ ಗೆದ್ದರು, ಎಲ್ಲಿ ಎಡವಿದರು ಎಂಬುದೇ ಒಂದು ಪ್ರೌಢಪ್ರಬಂಧದ ವಸ್ತು. 'ಜ್ಞಾಪಕ ಚಿತ್ರಶಾಲೆ'ಯ ದಿವಾನರ ಚಿತ್ರಗಳನ್ನು ರಂಜಕ ಪ್ರಸಂಗಗಳ ಸಂಗ್ರಹವೆಂದಲ್ಲ, ಆಡಳಿತದ ವಿಮರ್ಶೆಯೆಂದು ಓದಿ.

1988ರ ಆ ಚೀಟಿ ತನ್ನ ಕೆಲಸವನ್ನು ಎಂದೋ ಮುಗಿಸಿದೆ. ಅದನ್ನು ಅಂಟಿಸಿದ ಪತ್ರಗಳು ವಿಳಾಸ ತಲುಪಿದವು. ಡಿ.ವಿ.ಜಿ. ಬರೆದದ್ದು ಮಾತ್ರ ಇನ್ನೂ ನಮ್ಮ ಮೇಜಿನ ಮೇಲೆ ಬಿಚ್ಚದೆ ಬಿದ್ದಿದೆ.