ಆಕಾಶದಲ್ಲಿ ಅಡಿಯೇ ಇರಲಿ

ಹಾಸನದ ಬೂವನಹಳ್ಳಿ ನಿಲ್ದಾಣಕ್ಕೆ ಮುಂದೆ ಯಾವ ವಿಮಾನವೇ ಬರಲಿ, ತನ್ನ ಎತ್ತರವನ್ನು ಅಡಿಗಳಲ್ಲೇ ಹೇಳಬೇಕು. 1956ರಲ್ಲೇ ಮೆಟ್ರಿಕ್ ಅಳತೆಗೆ ಕಾನೂನು ಮಾಡಿದ ದೇಶಕ್ಕೆ ಬ್ರಿಟಿಷರ ಅಡಿ ಇನ್ನೂ ಯಾಕೆ ಎಂದು ಕೇಳುವವರಿದ್ದಾರೆ. ಅವರ ಮಾತಿಗೆ ಆಧಾರವೂ ಉಂಟು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಐದನೇ ಅನುಬಂಧದ ಪ್ರಕಾರ ಎತ್ತರದ ಮುಖ್ಯ ಮಾನ ಮೀಟರ್, ಅಡಿ ಬರೀ ತಾತ್ಕಾಲಿಕ ಪರ್ಯಾಯ. ಆ ತಾತ್ಕಾಲಿಕಕ್ಕೆ ಕೊನೆಯ ದಿನ ಮಾತ್ರ ಇವತ್ತಿಗೂ ಗೊತ್ತಾಗಿಲ್ಲ.

ಆದರೂ ಈ ವಾದ ಒಪ್ಪತಕ್ಕದ್ದಲ್ಲ. ಜೀವ ತೆಗೆಯುವುದು ಅಡಿಯೂ ಅಲ್ಲ, ಮೀಟರೂ ಅಲ್ಲ, ಎರಡರ ಕಲಬೆರಕೆ. 1999ರ ಏಪ್ರಿಲ್ 15ರಂದು ಶಾಂಘೈನಿಂದ ಹಾರಿದ ಕೊರಿಯನ್ ಏರ್ ಸರಕು ವಿಮಾನಕ್ಕೆ 1,500 ಮೀಟರ್, ಅಂದರೆ ಸುಮಾರು 4,900 ಅಡಿ ಎತ್ತರಕ್ಕೆ ಏರಲು ಹೇಳಿದ್ದರು. ಪೈಲಟ್‌ಗಳು ಅದನ್ನು 1,500 ಅಡಿ ಎಂದುಕೊಂಡು, ಹೆಚ್ಚು ಏರಿಬಿಟ್ಟೆವೆಂಬ ಗಾಬರಿಯಲ್ಲಿ ವಿಮಾನವನ್ನು ಕೆಳಗಿಳಿಸಿದರು. ಅದರೊಳಗಿದ್ದ ಮೂವರು, ನೆಲದ ಮೇಲಿದ್ದ ಐವರು ಸತ್ತರು.

ಎತ್ತರ ತಪ್ಪುವುದೆಂದರೆ ಏನೆಂದು ನಾವೂ ಕಂಡವರೇ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ 15,000 ಅಡಿಯಲ್ಲಿರಬೇಕಿದ್ದ ಕಜಕಿಸ್ತಾನದ ವಿಮಾನ 14,000 ಅಡಿಯಲ್ಲಿದ್ದ ಸೌದಿ ವಿಮಾನಕ್ಕೆ ಬಡಿದು 349 ಜನ ಹೋದರು. ಮೀಟರೇ ಕಾರಣವೆಂದು ತನಿಖೆ ಹೇಳಲಿಲ್ಲ, ನಿಜ. ಆದರೆ ಬದುಕಿಗೂ ಸಾವಿಗೂ ನಡುವೆ ಇದ್ದದ್ದು ಒಂದು ಸಾವಿರ ಅಡಿ. ಅಲ್ಲಿ ಗುಣಿಸಿ ಭಾಗಿಸುತ್ತ ಕೂರುವಷ್ಟು ಪುರಸೊತ್ತು ಯಾರಿಗೂ ಇಲ್ಲ. ಮೀಟರನ್ನೇ ನೆಚ್ಚಿದ್ದ ರಷ್ಯಾ ಕೂಡ 2011ರಲ್ಲಿ ಮೇಲಿನ ಹಾರಾಟ ಮಟ್ಟಗಳಿಗೆ ಅಡಿಯನ್ನು ಒಪ್ಪಿಕೊಂಡಿತು. ಅದರ ಸ್ವಾಭಿಮಾನವೇನೂ ಕರಗಲಿಲ್ಲ. ಚೀನಾ ಮೀಟರ್ ಬಿಡಲಿಲ್ಲ. ಅಲ್ಲಿಗೆ ಹೋಗುವ ಪೈಲಟ್‌ಗಳು ಇಂದಿಗೂ ಪರಿವರ್ತನೆಯ ಪಟ್ಟಿ ನೋಡಿಕೊಂಡು ಹಾರುತ್ತಾರೆ.

ಮೀಟರಿನ ಅಭಿಮಾನಿಗಳಿಗೆ ನೆಲದ ಮೇಲೆಯೇ ಬೇಕಾದಷ್ಟು ಕೆಲಸವಿದೆ. ಗೊರೂರಿನ ಹೇಮಾವತಿ ಜಲಾಶಯದ ಗರಿಷ್ಠ ಮಟ್ಟ 2,922 ಅಡಿ, ಸಾಮರ್ಥ್ಯ 37.103 ಟಿಎಂಸಿ, ಹೊರಹರಿವು ಕ್ಯೂಸೆಕ್. ನಾಲೆಯ ನೀರಿಗೆ ಕಾಯುವ ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ರೈತ ಪತ್ರಿಕೆಯಲ್ಲಿ ಓದುವುದು ಇದನ್ನೇ. ಅವನ ಪಹಣಿಯಲ್ಲಿರುವುದು ಎಕರೆ, ಗುಂಟೆ. ಇವನ್ನು ಬದಲಿಸಲು ಬೀಜಿಂಗನ್ನೂ ವಾಷಿಂಗ್ಟನ್ನನ್ನೂ ಕೇಳಬೇಕಿಲ್ಲ. ಬದಲಾವಣೆ ಅರ್ಧಕ್ಕೆ ನಿಂತರೂ ವಿಮಾನ ಬೀಳುವುದಿಲ್ಲ. ಆಕಾಶದ ಅಳತೆ ಬದಲಾಗುವುದಾದರೆ ಜಗತ್ತಿಗೆಲ್ಲ ಒಂದೇ ದಿನ ಬದಲಾಗಲಿ. ಅಲ್ಲಿಯವರೆಗೆ ಭಾರತ ಒಬ್ಬಂಟಿಯಾಗಿ ಅಡಿಯನ್ನು ಬಿಡಕೂಡದು.